ಕಾಶಪ್ಪನ ಧೂಳಿನ ಸಿನಿಮಾ

ಕಾಶಪ್ಪ ಸಿನಿಮಾ ಮಾಡುತ್ತಿದ್ದ. ಕ್ಯಾಮೆರಾ ಮಾತ್ರ ಅವನ ಹತ್ತಿರ ಯಾವತ್ತೂ ಇರಲಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಆ ಎಡವಟ್ಟ ನನ್ನ ಜೀವದ ಗೆಳೆಯ. ವಾಡಿ ಜಂಕ್ಷನ್ನಿನಲ್ಲಿ ಡ್ಯೂಟಿ ಮುಗಿಸಿ ಬಂದವನೇ ಮನೆಯ ಮಾಳಿಗೆ ಹತ್ತುತ್ತಿದ್ದ. ಮುಚ್ಚಿಹೋದ ಟಾಕೀಸುಗಳಿಂದ ತಂದ ಹಳೆಯ ಜಾಹೀರಾತಿನ ರೀಲುಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ, ಚಿತ್ರವೆಲ್ಲ ಅಳಿಸಿ, ಬರಿದು ಮಾಡುತ್ತಿದ್ದ. ಅದರ ಮೇಲೆ ಜಾಲಿಯ ಗೋಂದು ತೆಳ್ಳಗೆ ಬಳಿದು ಬಿಸಿಲಿಗೆ ಹಾಸುತ್ತಿದ್ದ. ಸಿಮೆಂಟಿನ ಊರಲ್ಲವೇ, ಧೂಳು ತಾನಾಗಿ ಬಂದು ಅದರ ಮೇಲೆ ಕೂರುತ್ತಿತ್ತು. ಗಾಳಿ ಹೇಗೆ ಬೀಸಿತೋ ಧೂಳು ಹಾಗೆ. ಅದೇ ಅವನ ಸಿನಿಮಾ.

ನಗಬೇಡಿ. ಪರದೆಯ ಮೇಲೆ ಆ ಧೂಳು ಮೋಡವಾಗಿ ಏಳುತ್ತಿತ್ತು, ಹಿಂಡುಗಟ್ಟಿ ತಿರುಗುತ್ತಿತ್ತು, ಇದ್ದಕ್ಕಿದ್ದಂತೆ ಚೆದುರುತ್ತಿತ್ತು. ನಾನು ಚಿತ್ತಾಪುರದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ವರ್ಷಗಟ್ಟಲೆ ಮಕ್ಕಳಿಗೆ ಮಾವಿನಕಾಯಿ ಬಿಡಿಸುವುದನ್ನು ಕಲಿಸಿದೆ. ಚಿತ್ರವೆಂದರೇನು ಎಂದು ನನಗೆ ಕಲಿಸಿದವನು ಕಾಶಪ್ಪ.

ಸೇಡಂ, ಚಿಂಚೋಳಿ ಕಡೆಯಿಂದಲೂ ಹತ್ತಾರು ಜನ ಸೇರಿ ‘ಕತೆಯಿಲ್ಲದ ಸಿನಿಮಾ ಸಂಘ’ ಕಟ್ಟಿಕೊಂಡಿದ್ದೆವು. ಮಂದಿ ಅದನ್ನು ಹುಚ್ಚರ ಸಂಘ ಎನ್ನುತ್ತಿದ್ದರು, ತಪ್ಪೇನಿಲ್ಲ. ಶಹಾಬಾದಿನ ಖಾಜಾಮಿಯಾನ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗೋದಾಮೇ ನಮ್ಮ ಟಾಕೀಸು. ಪ್ರತಿ ಸಲವೂ ತನ್ನ ಹಳೆಯ ಪ್ರೊಜೆಕ್ಟರಿನೊಳಗಿನ ಧೂಳು ಊದುತ್ತ ಅವನು ಬೈಯುತ್ತಿದ್ದ: “ಏ ಕಾಶಪ್ಪ, ಮುಂದಿನ ಸಲ ಮಳಿ ಸಿನಿಮಾ ಮಾಡು ಮಾರಾಯ, ನನ್ನ ಮಿಷನ್ನರ ಜಳಕ ಮಾಡ್ತದ.”

ಹೋದ ವರ್ಷ ಕಾಶಪ್ಪ ತೀರಿಕೊಂಡ. ಅವನ ರೀಲುಗಳು ಮಳೆಗಾಲದ ತೇವಕ್ಕೆ ಗೋಂದು ಕರಗಿ, ಒಂದಕ್ಕೊಂದು ಅಂಟಿ, ಇಟ್ಟಿಗೆಯಾಗಿದ್ದವು. ಮನೆಯ ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದ ಒಂದೇ ಒಂದು ರೀಲು ಉಳಿದಿತ್ತು. ಅದನ್ನು ಅವನು ನನಗೆ ಮತ್ತು ಖಾಜಾಮಿಯಾನಿಗೆ ಬಿಟ್ಟರೆ ಸಂಘದ ಯಾರಿಗೂ ತೋರಿಸಿರಲಿಲ್ಲ. ವರ್ಷದ ಪುಣ್ಯಸ್ಮರಣೆಗೆ ಅದನ್ನು ಎಲ್ಲರಿಗೂ ತೋರಿಸಿ, ಮೊಬೈಲಿನಲ್ಲಾದರೂ ಹಿಡಿದಿಡಬೇಕೆಂದು ನಿಶ್ಚಯಿಸಿದೆವು. ಅದೂ ಹೋದರೆ ಕಾಶಪ್ಪ ಸಿನಿಮಾ ಮಾಡಿದ್ದನೆಂಬುದಕ್ಕೆ ನಮ್ಮ ಬಾಯಿಮಾತೊಂದೇ ಸಾಕ್ಷಿ. ಹುಚ್ಚರ ಬಾಯಿಮಾತು ಯಾರು ನಂಬುತ್ತಾರೆ?

ಅವನ ಹೆಂಡತಿ ಬಸವೇಶ್ವರಿ ಎಂದೂ ಗೋದಾಮಿಗೆ ಕಾಲಿಟ್ಟವರಲ್ಲ. ಜೀವಮಾನವೆಲ್ಲ ಮನೆಯ ಧೂಳು ಒರೆಸಿಯೇ ಸೋತವರು. ಗಂಡ ಫಿಲ್ಮನ್ನು ಮಾಳಿಗೆಯ ಮೇಲೆ ಒಣಗಿಸುತ್ತಾನೆ, ಧೂಳು ಬಿದ್ದು ಚಿತ್ರ ಮುಚ್ಚಿಹೋಗುತ್ತದೆ ಎಂದೇ ಅವರು ತಿಳಿದಿದ್ದರು. ಕಾಶಪ್ಪನೂ ಬಿಡಿಸಿ ಹೇಳಿದವನಲ್ಲ. ಅಂದು ಮಧ್ಯಾಹ್ನ ಮಾತ್ರ ಹೊಸ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ರೀಲಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದರು. ಅವರು ಬರುವಷ್ಟರಲ್ಲಿ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿಯಾಗಿತ್ತು. ಅವರನ್ನು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂರಿಸಿಕೊಂಡೆ.

ಖಾಜಾಮಿಯಾ ಕತ್ತಲಲ್ಲೇ ತಡಕಾಡಿ ರೀಲು ಏರಿಸಿದ. ಪರದೆ ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು. ಮೊದಲ ತುಂಡು ಖಾಲಿ ಇರಬೇಕೆಂದು ಕಾದೆ. ತಿರುಗಿ ನೋಡಿದರೆ ಖಾಜಾಮಿಯಾ ಓಡುವ ಫಿಲ್ಮನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಬೆರಳನ್ನು ನನ್ನತ್ತ ಎತ್ತಿ ತೋರಿಸಿದ, ಧೂಳೇ ಹತ್ತಿರಲಿಲ್ಲ.

“ಈಗ ಸ್ವಚ್ಛ ಕಾಣ್ಲಿಕತ್ತದಲ್ರಿ ಮಾಸ್ತರ್ರ?” ಬಸವೇಶ್ವರಿ ನನ್ನ ಕಿವಿಯ ಬಳಿ ಬಾಗಿದರು. “ನಿನ್ನೆ ಬಿಸಿನೀರಾಗ ಸೋಪಿನ ಪುಡಿ ಹಾಕಿ ಪೂರಾ ತೊಳದೀನ್ರಿ. ಎಷ್ಟ್ ಹೊಲಸ ಕುಂತಿತ್ತಂತೀರಿ! ನಾಕ ಮಂದಿ ಮುಂದ ಅವರ ಪಿಚ್ಚರ್ ಹಂಗ ತೋರ್ಸೂದು ಛಲೋ ಅನಸ್ಲಿಲ್ಲ.”

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಸೇಡಂನ ಅಮೃತಪ್ಪ ಎದ್ದು ನಿಂತ. ವಚನದ ಪ್ರವಚನ ಮಾಡುವ ಮನುಷ್ಯ.

“ಬಯಲು!” ಎಂದ, ಗದ್ಗದ ದನಿಯಲ್ಲಿ. “ಕಡೀಕ ಕಾಶಪ್ಪ ನಮಗ ಬಯಲು ತೋರ್ಸ್ಯಾನ್ರಿ!”

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಮ್ಮ ಸಂಘದ ರೋಗವೇ ಅದು, ಏನೂ ಇಲ್ಲದಲ್ಲಿ ಏನೋ ಕಾಣುವುದು. ಎದ್ದು ಅವರ ಬಾಯಿ ಮುಚ್ಚಿಸಬೇಕೆನ್ನಿಸಿತು. ಮುಚ್ಚಿಸಿದರೆ ಪಕ್ಕದಲ್ಲಿದ್ದ ಬಸವೇಶ್ವರಿಯವರಿಗೆ ನಿಜ ಹೇಳಬೇಕಾಗುತ್ತದೆ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

“ಅವರಿಗೆ ಚಪ್ಪಾಳಿ ಹೊಡಿಲಿಕತ್ತಾರ,” ಎಂದು ಬಸವೇಶ್ವರಿ ಕಣ್ಣೊರೆಸಿಕೊಂಡರು. ಆಮೇಲೆ ಸಂಕೋಚದಿಂದ ಕೇಳಿದರು, “ಮಾಸ್ತರ್ರ, ಇದ್ರಾಗ ನನ್ನ ಕೈ ಬರ್ತದ ಅಂತಿದ್ರು. ಒಮ್ಮ್ಯಾರ ಬಂದು ನೋಡು ಅಂತ ಭಾಳ ಸಲ ಕರದ್ರು. ನಾನೇ ಬರ್ಲಿಲ್ಲ. ಯಾವಾಗ ಬರ್ತದ್ರಿ?”

ಆ ಜಾಗ ನನಗೆ ಗೊತ್ತಿತ್ತು. ಎಂದೋ ಅವರು ಸಿಟ್ಟಿಗೆದ್ದು ಮಾಳಿಗೆಯ ಮೇಲೆ ಹಾಸಿದ್ದ ಫಿಲ್ಮಿನ ಧೂಳನ್ನು ಕೈಯಿಂದ ಒರೆಸಿಹಾಕಿದ್ದರು. ಅಲ್ಲಿ ಬೆರಳೆಳೆದ ಗೆರೆಗಳಿಂದ ಬೆಳಕು ಒಮ್ಮೆಲೇ ಒಳನುಗ್ಗುತ್ತಿತ್ತು. ಅದು ಬಂದಾಗ ಕಾಶಪ್ಪ ಮೆಲ್ಲಗೆ “ನಮ್ಮಾಕಿ” ಎನ್ನುತ್ತಿದ್ದ.

“ಬರ್ತದ ವೈನಿ,” ಎಂದೆ.

ರೀಲು ಮುಗಿದು ಅದರ ತುದಿ ಪಟಪಟ ಬಡಿಯತೊಡಗಿತು.

“ಅಯ್ಯ, ಕಣ್ಣೀರು ಒರಸ್ಕೊಳ್ಳಾಗ ಹೋತೇನೋ! ಖಾಜಾಭಾಯಿ, ಇನ್ನೊಮ್ಮೆ ಹಚ್ರಿ. ಈ ಸಲ ನಾ ಕಣ್ಣು ಮಿಟಕಸಂಗಿಲ್ಲ.”

ಖಾಜಾಮಿಯಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ರೀಲು ಸುತ್ತಿ ಮತ್ತೆ ಏರಿಸಿದ. ಬಸವೇಶ್ವರಿ ಕುರ್ಚಿಯ ತುದಿಗೆ ಸರಿದು ಕುಳಿತು, ಬೆಳ್ಳನೆಯ ಪರದೆಯಲ್ಲಿ ತಮ್ಮ ಕೈ ಹುಡುಕತೊಡಗಿದರು.