ಸಂಘಮಿತ್ರಳ ಕಲ್ಲುಗೊಡಲಿ

ಸಾಸಲಿನ ಲಕ್ಷ್ಮಯ್ಯ ನಲವತ್ತು ವರ್ಷ ಮರಗೆಲಸ ಮಾಡಿದವರು. ಹಿಂದಿನ ಕಾಲದವರು ಕಲ್ಲಿನ ಕೊಡಲಿಯಲ್ಲೇ ಮರ ಕಡಿಯುತ್ತಿದ್ದರು ಎಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಮಗಳು ಸಂಘಮಿತ್ರ ಹೇಳಿದಾಗ ಅವರು ಜೋರಾಗಿ ನಕ್ಕುಬಿಟ್ಟರು.

"ಕಲ್ಲಲ್ಲಿ ಮರಾನ ಜಜ್ಬೋದು ಕಣವ್ವಾ, ಕಡಿಯಕ್ಕಾಯ್ತದಾ?"

"ಕಡಿದು ತೋರಿಸ್ತೀನಿ, ನೋಡ್ತಿರು ಅಪ್ಪಾ."

ಅವಳು ಹೊಲದ ಬದುವಿನಿಂದ ಅಂಗೈಯಗಲದ ಕರಿಕಲ್ಲು ತಂದು, ಅಂಗಳದ ಬಂಡೆಯ ಮೇಲೆ ನೀರು, ಮರಳು ಹಾಕಿ ದಿನಾ ಸಂಜೆ ಉಜ್ಜತೊಡಗಿದಳು. ಹದಿನೈದು ದಿನಕ್ಕೆ ಕಲ್ಲಿಗೆ ಹೊಳೆಯುವ ಹರಿತ ಬಾಯಿ ಬಂತು. ಭಾನುವಾರ ಅದನ್ನು ಸೀಳಿದ ಕೋಲಿಗೆ ಕಟ್ಟಿ, ಹಿತ್ತಿಲಿನ ಸೀಬೆ ಕೊಂಬೆಗೆ ಬೀಸಿದಳು. ಮೂರನೇ ಏಟಿಗೆ ಕಲ್ಲು ಕಳಚಿ ಕೋಳಿಗಳ ನಡುವೆ ಬಿತ್ತು.

ಲಕ್ಷ್ಮಯ್ಯ ಈ ಸಲ ನಗಲಿಲ್ಲ. ಕಲ್ಲನ್ನು ಎತ್ತಿಕೊಂಡು ಅದರ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಕಲ್ಲು ಚೆನ್ನಾಗೈತೆ. ಕಾವು ಸರಿಯಿಲ್ಲ, ಅಷ್ಟೇಯ."

ಜಾಲಿ ಮರದ ಹಿಡಿಯೊಂದಕ್ಕೆ ತೂತು ಕೊರೆದು ಅವರೇ ಕಲ್ಲನ್ನು ಬಿಗಿಯಾಗಿ ಕೂರಿಸಿಕೊಟ್ಟರು. ಸಂಘಮಿತ್ರ ಮತ್ತೆ ಬೀಸಿದಾಗ ಕೊಂಬೆಯಿಂದ ಚಕ್ಕೆಗಳು ಹಾರಿದವು. ಅರ್ಧ ಕಡಿಯುವಷ್ಟರಲ್ಲಿ ಲಕ್ಷ್ಮಯ್ಯನವರಿಗೆ ತಡೆಯಲಾಗಲಿಲ್ಲ.

"ಇತ್ತ ಕೊಡವ್ವಾ, ನಾನೂ ಎರಡೇಟು ಹಾಕ್ತೀನಿ."

ಕೊಂಬೆ ಬಿದ್ದ ಮೇಲೂ ಅವರು ಕೊಡಲಿ ವಾಪಸು ಕೊಡಲಿಲ್ಲ. ಸಂಜೆಯವರೆಗೆ ಕೂತು, ಅದರಲ್ಲೇ ಕೆತ್ತಿ ಹೆಂಡತಿ ಮುನಿತಾಯಮ್ಮನಿಗೊಂದು ಮುದ್ದೆ ಕೋಲು ಮಾಡಿದರು. ಮರುದಿನ ಸಂಘಮಿತ್ರ ಶಾಲೆಗೆ ಹೊರಟಾಗ, ಬಿಳಿ ಶರಟು ತೊಟ್ಟು, ಕೊಡಲಿ ಹಿಡಿದು ಅವಳ ಸ್ಕೂಟರಿನ ಪಕ್ಕದಲ್ಲೇ ನಿಂತಿದ್ದರು.

"ಮಕ್ಕಳಿಗೆ ಇದನ್ನ ನಾನೇ ಹೇಳ್ಕೊಡ್ತೀನಿ. ಗಾಡಿ ತೆಗಿಯವ್ವಾ, ಹೊತ್ತಾಯ್ತು!"