ಮಣ್ಣಿಗೊಂದು ಜಾಳಿ ಬನಿಯನ್

ಸುಮೇಧನ ಹೆಸರು ಕಿವಿಗೆ ಬಿದ್ದರೆ ಸಾರಂಗನಿಗೆ ಸಕ್ಕರೆ ಹಾಕಿದ ಚಹಾ ಕೂಡ ಕಹಿಯಾಗುತ್ತಿತ್ತು. ಇಬ್ಬರೂ ಸಾಂಗಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಸಿವಿಲ್ ಓದಿದವರು. ಈಗ ಕಸಬೆ ಡಿಗ್ರಜದ ಹೊಳೆದಂಡೆಯಲ್ಲಿ ಒಂದೇ ಸೇತುವೆಯ ಇಂಜಿನಿಯರುಗಳು. ಆದರೆ ಸೈಟಿನ ಮುಖ್ಯಸ್ಥ ಒಬ್ಬನೇ ಆಗಬೇಕಿತ್ತು. ಅದು ತಾನೇ ಎಂದು ಸಾರಂಗ ಮಿರಜಿನ ತನ್ನ ಓಣಿಯಲ್ಲಿ ಪೇಢೆ ಹಂಚಿಯೂ ಆಗಿತ್ತು.

ಎರೆಮಣ್ಣು ಕೈಕೊಟ್ಟಿತು. ಕಂಬಗಳಿಗೆ ನೆಲ ಕೊರೆಯುವ ಪೈಲಿಂಗ್ ಮಷಿನ್ನು ನಿಲ್ಲಲೆಂದು ಸಾರಂಗ ಮುರುಮು ಮಣ್ಣು ಸುರಿಸಿ ತಾತ್ಕಾಲಿಕ ಕಟ್ಟೆ ಮಾಡಿಸಿದ್ದ. ಮಷಿನ್ನು ಹತ್ತಿದ್ದೇ ತಡ, ಕೆಸರು ಕಂಡ ಎಮ್ಮೆಯಂತೆ ಒಂದು ಮಗ್ಗುಲಿಗೆ ಕುಸಿದು ಕೂತುಬಿಟ್ಟಿತು. ಗುತ್ತಿಗೆ ಹಿಡಿದ ಮಾಲಕ ಪಾರ್ಶ್ವನಾಥರು ಸುಮೇಧನ ಮುಖ ನೋಡಿದರು. ಸುಮೇಧ ಜಿಯೋಗ್ರಿಡ್ ತರಿಸಿದ. ಸುರುಳಿಯಾಗಿ ಬರುವ, ಬಲೆಯಂಥ ಕರಿ ಪ್ಲಾಸ್ಟಿಕ್ಕಿನ ಗಟ್ಟಿ ಜಾಳಿ ಅದು. ಹಾಸಿ ಮೇಲೆ ಖಡಿ ಸುರಿದರೆ ಜಲ್ಲಿಕಲ್ಲುಗಳು ಅದರ ಕಣ್ಣುಗಳಲ್ಲಿ ಕಚ್ಚಿಕೊಂಡು ಕೂರುತ್ತವೆ. ಭಾರ ಒಂದೇ ಕಡೆ ಇಳಿಯದೆ ಅಗಲಕ್ಕೆ ಹಂಚಿಹೋಗುತ್ತದೆ.

"ಮಣ್ಣಿಗೆ ಜಾಳಿ ಬನಿಯನ್ ತೊಡಸ್ತಾನಂತ. ನಾಳೆ ಚಡ್ಡೀನೂ ಹೊಲಸ್ತಾನ!" ಎಂದು ಸಾರಂಗ ಚಹಾದಂಗಡಿಯಲ್ಲಿ ಸುಮೇಧನ ಮೂಗುದನಿಯಲ್ಲೇ ಹೇಳಿ ಎಲ್ಲರನ್ನೂ ನಗಿಸಿದ. ಅವನ ಅಣಕು ಕೇಳಿದರೆ ಸುಮೇಧನ ಹೆತ್ತವ್ವನೂ ಓಗೊಡಬೇಕು, ಹಾಗಿತ್ತು. ನಕ್ಕವರು ಎದ್ದು ಹೋದರು. ಸಾರಂಗನ ಹೊಟ್ಟೆಯ ಉರಿ ಮಾತ್ರ ಎದ್ದು ಹೋಗಲಿಲ್ಲ.

ಮಷಿನ್ನು ಮತ್ತೆ ಹತ್ತುವ ಹಿಂದಿನ ದಿನ ಸುಮೇಧ ಖಡಿ ಲಾರಿ ಹೊರಡಿಸಲು ಮಾಧವನಗರಕ್ಕೆ ಹೋಗಿದ್ದ. ಕೂಲಿಗಳ ಮೇಲಿನ ಮುಕಾದಮ, ಸಲಗರೆಯ ಲಗಮಣ್ಣ ಫೋನು ಹಿಡಿದುಕೊಂಡು ಸಾರಂಗನ ಹತ್ತಿರ ಓಡಿಬಂದ.

"ಸಾಹೇಬ್ರ, ಸುಮೇಧ ಸಾಹೇಬ್ರ ಫೋನ್ ಬಂದಿತ್ತು. ಅರ್ಧಾ ಕೇಳಸ್ತು, ಅರ್ಧಾ ಇಲ್ಲ. ಆ ಕರಿ ಸುರಳಿ 'ಜಾಳೂನ ಟಾಕಾ' ಅಂದಂಗಾತು. ಸುಟ್ಟ ಬಿಡ್ಲೇನ್ರಿ?"

ಸುಮೇಧ ಅಂದಿದ್ದೇನೆಂದು ಸಾರಂಗನಿಗೆ ತಟ್ಟನೆ ಹೊಳೆಯಿತು. ಮರಾಠಿಯಲ್ಲಿ 'ಜಾಳೀ ಟಾಕಾ' ಅಂದರೆ ಜಾಳಿ ಹಾಸಿರಿ. 'ಜಾಳೂನ ಟಾಕಾ' ಅಂದರೆ ಸುಟ್ಟುಹಾಕಿರಿ.

"ಹೊಸಾ ಸುರಳಿ ಅಲ್ಲೇನ್ರಿ ಕಾಕಾ?" ಎಂದ ಸಾರಂಗ.

"ಹೋದ ಸಲದ್ದು ಹರದದಂತ ಸುಮೇಧ ಸಾಹೇಬ್ರು ಬೈದಿದ್ರಲ್ರಿ. ಇದೂ ಹಂಗಽ ಇರಬೇಕು. ನಿನ್ನಿ ಜಾಲಿಕಂಟೀನೂ ಸುಡ್ರಿ ಅಂದಿದ್ರು."

ಹೂಂ ಅನ್ನುವುದೂ ಬೇಕಿರಲಿಲ್ಲ. ತಪ್ಪು ಲಗಮಣ್ಣನ ಕಿವಿಯದು, ಬೈಗುಳ ಸುಮೇಧನದು, ಸೈಟು ತನ್ನದು.

"ನನಗೇನ ಕೇಳ್ತೀರಿ? ಅವರು ಅಂದಂಗ ಮಾಡ್ರಿ."

ಲಗಮಣ್ಣ ಕಡ್ಡಿಪೆಟ್ಟಿಗೆ ತೆಗೆದ. ತೆಗೆದು ತಲೆ ಕೆರೆದುಕೊಂಡ. "ಯಾಕೋ ಮನಸ್ಸ ಬರವಲ್ತರಿ. ನೀವು ಅವರ ದನಿ ಭಾಳ ಚಂದ ತಗೀತೀರಿ. ಅವರು ಹೆಂಗ ಅಂದಿರಬೇಕು, ಒಮ್ಮೆ ಅಂದು ತೋರಸ್ರಿ. ಕೇಳಿದ್ರ ಗೊತ್ತಾಗತದ."

ಕೆಲಸದವರೆಲ್ಲ ಬುಟ್ಟಿ ಇಳಿಸಿ ಸುತ್ತ ನಿಂತರು. ಅನ್ನಬೇಕಾದ್ದು 'ಜಾಳೂನ'. ಸಾರಂಗ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿದ, ಕತ್ತು ಓರೆ ಮಾಡಿದ. ಸುಮೇಧ ಗಂಟಲಿಗೆ ಬಂದು ಕೂತ. ಆದರೆ ಆ ಗಂಟಲಿನಿಂದ 'ಜಾಳೂನ' ಹೊರಡಲೊಲ್ಲದು; ತನ್ನ ಜಾಳಿಯ ಬಗ್ಗೆ ಸುಮೇಧ ಎಂದೂ ಅನ್ನದ ಮಾತು ಅದು. ಒತ್ತಿ ಅಂದರೆ ದನಿ ಒಡೆದು ಸಾರಂಗನದೇ ಆಗುತ್ತಿತ್ತು. ಇಷ್ಟು ಜನರೆದುರು ಕೆಟ್ಟ ಅಣಕೇ?

"ಮ್ಹಣಜೇ... ಲಗಮಣ್ಣಾ, ಖಡೀಚ್ಯಾ ಖಾಲೀ ಜಾಳೀ ಟಾಕಾ, ಜಾಳೀ!"

ಹೋ ಎಂದು ನಗೆ ಎದ್ದಿತು. "ಇದಽ ನೋಡ್ರಿ, ಇದಽ ಅಂದಿದ್ರು! ಖಡಿ ಕೆಳಗ ಜಾಳಿ!" ಲಗಮಣ್ಣ ಕಡ್ಡಿಪೆಟ್ಟಿಗೆ ಕಿಸೆಗಿಟ್ಟು ಸುರುಳಿ ಬಿಚ್ಚಿಸಲು ಓಡಿದ.

ಮರುದಿನ ಮಷಿನ್ನು ಕಟ್ಟೆ ಹತ್ತಿತು. ನೆಲ ಮಿಸುಕಲಿಲ್ಲ. ಲಗಮಣ್ಣ ಮಾಲಕರಿಗೆ ಎಲ್ಲ ಹೇಳಿದ, ತನಗೆ ತೋಚಿದಂತೆ: "ಸುಟ್ಟಽ ಬಿಡ್ತಿದ್ದೆರಿ. ಸುಮೇಧ ಸಾಹೇಬ್ರ ದನಿ ಕಿವೀಗೆ ಬಿತ್ತು, ಉಳೀತು."

"ಭಲೇ! ದನಿ ಅಂದ್ರ ಹಿಂಗಿರಬೇಕು," ಎಂದು ಪಾರ್ಶ್ವನಾಥರು ಸುಮೇಧನ ಬೆನ್ನು ತಟ್ಟಿದರು. "ಇನ್ನ ಸೈಟು ನಿಂದಪಾ."

ಸುಮೇಧ ನಗುತ್ತ ಇತ್ತ ತಿರುಗಿದ. "ಸಾರಂಗ್ಯಾ, ಮಿರಜ್‌ದಾಗ ಪೇಢೆ ಎಲ್ಲಿ ಚಲೋ ಸಿಗತಾವೋ?"

"ಅಭಿನಂದನ, ದೋಸ್ತಾ. ಭಾಳ ಖುಷಿ ಆತು," ಎಂದ ಸಾರಂಗ, ತನ್ನ ಸ್ವಂತ ದನಿಯಲ್ಲಿ. ಇಷ್ಟು ಕೆಟ್ಟ ಅಣಕು ಅವನು ಹುಟ್ಟಿದಾಗಿನಿಂದ ಮಾಡಿರಲಿಲ್ಲ.