ಏಳು ಕಾರಣಗಳು

"ಐದನೆಯ ಕಾರಣ" ಎಂದು ಬರೆಸಿ ಪುಷ್ಪರಾಜ ನಿಂತುಬಿಟ್ಟ. ಮುಂದಿನದು ನೆನಪಿಗೆ ಬರಲಿಲ್ಲ.

ಹನ್ನೊಂದು ವರ್ಷಗಳಿಂದ ಮೂಡುಬಿದಿರೆಯ ಈ ಹೈಸ್ಕೂಲಿನಲ್ಲಿ ಅವನು ಮೊದಲನೆಯ ಮಹಾಯುದ್ಧದ ಏಳು ಕಾರಣಗಳನ್ನು ಬರೆಸುತ್ತ ಬಂದಿದ್ದ. ಅದೇ ಕ್ರಮ, ಅದೇ ಮಾತು. ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ ಎಂದುಕೊಂಡಿದ್ದ. ಈಗ ಎಚ್ಚರವಾಗಿದ್ದೂ ಐದನೆಯದು ಬರುತ್ತಿಲ್ಲ. ಹತ್ತನೆಯ ತರಗತಿಯ ನಲವತ್ತೆರಡು ಪೆನ್ನುಗಳು ಕಾಗದದ ಮೇಲೆ ಕಾಯುತ್ತಿದ್ದವು.

"ಬಾಲ್ಕನ್ ಸಮಸ್ಯೆ, ಸಾರ್" ಎಂದಳು ಮೊದಲ ಬೆಂಚಿನ ಹುಡುಗಿ. ಅವಳ ಮುಂದಿದ್ದದ್ದು ಅಕ್ಕನ ಹಳೆಯ ನೋಟ್‌ಪುಸ್ತಕ. ಅಕ್ಷರ ಬೇರೆ, ವಾಕ್ಯಗಳೆಲ್ಲ ಅವನವೇ.

"ಹೌದು. ಬರೀರಿ."

ಹಿಂದಿನಿಂದ ಯಾರೋ ಕೇಳಿದರು: "ಸಾರ್, ಚೀನಾ ಯುದ್ಧಕ್ಕೆ ಎಷ್ಟು ಕಾರಣ ಉಂಟು?"

"ಅದು ಪಾಠದಲ್ಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅದು ಅರವತ್ತೆರಡರ ನವೆಂಬರ್. ಈಶಾನ್ಯದ ಗಡಿಯಲ್ಲಿ ಪಡೆಗಳು ಹಿಂದೆ ಸರಿಯುತ್ತಿವೆಯೆಂದು ರೇಡಿಯೊ ಸುತ್ತಿ ಬಳಸಿ ಹೇಳುತ್ತಿತ್ತು. ಪಾಠ ಮುಗಿಸಿ ಹೊರಗೆ ಬಂದರೆ ಹೆಡ್‌ಮಾಸ್ಟರ್ ಸಂಕಪ್ಪನವರು ಜಗಲಿಯಲ್ಲೇ ಹಿಡಿದರು. ಸಂಜೆ ನಾಲ್ಕೂವರೆಗೆ ಶಾಲೆಯ ಬಯಲಿನಲ್ಲಿ ರಕ್ಷಣಾ ನಿಧಿಯ ಸಭೆ.

"ನೀವು ಹತ್ತು ನಿಮಿಷ ಮಾತಾಡಬೇಕು. ಯುದ್ಧ ಯಾಕೆ ಬಂತು ಅಂತ ಜನಕ್ಕೆ ಗೊತ್ತಾಗಲಿ."

"ನನಗೇ ಸರಿಯಾಗಿ ಗೊತ್ತಿಲ್ಲ, ಸರ್."

"ಚರಿತ್ರೆಯವರು ಹಾಗೆ ಹೇಳಿದರೆ ಹೇಗೆ ಮಾರಾಯ್ರೆ? ಸ್ವಲ್ಪ ಗೊತ್ತಾದರೆ ಸಾಕು. ಹೆಚ್ಚು ಗೊತ್ತಾಗುವುದೂ ಬೇಡ."

ಪುಷ್ಪರಾಜ ಒಪ್ಪಿಕೊಂಡ. ಒಪ್ಪಿಕೊಳ್ಳುವುದರಲ್ಲಿ ಶ್ರಮ ಕಡಿಮೆ ಎಂಬುದನ್ನು ಅವನು ಬಹಳ ಹಿಂದೆಯೇ ಕಂಡುಕೊಂಡಿದ್ದ. ಮನೆಯಲ್ಲಿ ಹೆಂಡತಿ ಪ್ರಭಾವತಿಯ ಜೊತೆಗೂ ಅವನದು ಅದೇ ಕ್ರಮ. ಅವಳು ಅವನನ್ನು ಏನಾದರೂ ಕೇಳುವುದನ್ನೇ ಬಿಟ್ಟು ಎರಡು ವರ್ಷವಾಗಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಹತ್ತಿರದ ವಯಸ್ಸು, ಧೂಳು ಮೆತ್ತಿದ ಕಾಲು. ದೂರದಿಂದ ನಡೆದೇ ಬಂದಿರಬೇಕು.

"ನಾನು ಪೂವಮ್ಮ, ಶಿರ್ತಾಡಿಯವಳು. ಕುಶಾಲಪ್ಪನ ತಾಯಿ" ಎಂದಳು. ತುಳುವಿನಲ್ಲಿ ಶುರುಮಾಡಿದವಳು ಶಾಲೆಯೆಂಬ ಮರ್ಯಾದೆಗೆ ಕನ್ನಡಕ್ಕೆ ತಿರುಗಿದಳು. "ನಿಮಗೆ ನೆನಪುಂಟಾ ಇಲ್ಲವಾ."

ಬುತ್ತಿಯ ಮುಚ್ಚಳ ಅವನ ಕೈಯಲ್ಲೇ ಉಳಿಯಿತು. "ಉಂಟು. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. "ಅವ ಮಿಲಿಟ್ರಿಯಲ್ಲಿದ್ದಾನೆ. ಕಾಗದ ಬಾರದೆ ಒಂದೂವರೆ ತಿಂಗಳಾಯ್ತು."

"ಬರ್ತದೆ. ಟಪಾಲು ತಡವಾಗ್ತದೆ ಈಗ."

"ಪೋಸ್ಟಿನವನೂ ಅದನ್ನೇ ಹೇಳ್ತಾನೆ. ಯುದ್ಧದ ವಿಷಯ ನಿಮಗೆ ಗೊತ್ತುಂಟು ಅಂತ ಅವ ಯಾವಾಗಲೂ ಹೇಳ್ತಿದ್ದ. ಇದು ಯಾಕೆ ಮಾಸ್ಟ್ರೇ?"

"ಗಡಿಯ ಜಗಳ."

"ಕಟ್ಟಪುಣಿಯ ಹಾಗೆಯಾ?"

ಗದ್ದೆಯಿಂದ ಗದ್ದೆಯನ್ನು ಬೇರೆ ಮಾಡುವ ಆ ಮಣ್ಣಿನ ಏರಿಯನ್ನು ಅವನು ಹಿಮಾಲಯದ ಮೇಲೆ ಇಟ್ಟು ನೋಡಿದ. "ಹೆಚ್ಚುಕಡಿಮೆ ಹಾಗೇ."

"ಹಾಗಾದ್ರೆ ಕಾರಣ ಅದಲ್ಲ" ಎಂದಳು ಪೂವಮ್ಮ. "ನಮ್ಮ ಮನೆಯವರು, ಅವರ ಅಣ್ಣ, ಕಟ್ಟಪುಣಿಗೆ ಅಂತ ಹನ್ನೆರಡು ವರ್ಷ ಮಾತು ಬಿಟ್ಟಿದ್ರು. ಕಟ್ಟಪುಣಿಗೆ ಅಲ್ಲ. ಅಣ್ಣನ ಮಗಳ ಮದುವೆಯಲ್ಲಿ ನಮ್ಮವರನ್ನು ಎರಡನೇ ಪಂಕ್ತಿಗೆ ಕೂರಿಸಿದ್ರು. ಇಬ್ಬರಿಗೂ ಗೊತ್ತಿತ್ತು. ಹೇಳ್ಲಿಕ್ಕೆ ನಾಚಿಕೆ."

ಪುಷ್ಪರಾಜ ಮುಚ್ಚಳವನ್ನು ಮೇಜಿನ ಮೇಲಿಟ್ಟ.

"ಅವ ಯಾಕೆ ಹೋದ, ಮಾಸ್ಟ್ರೇ?"

"ಯಾರು?"

"ಕುಶಾಲಪ್ಪ. ಪರೀಕ್ಷೆ ಆದ ಮೇಲೆ ನಾಲ್ಕು ದಿನ ಊಟ ಬಿಟ್ಟ. ಐದನೇ ದಿನ ಮಂಗಳೂರಿಗೆ ಹೋದವ ಮಿಲಿಟ್ರಿ ಸೇರಿಯೇ ಬಂದ. ನಿಮ್ಮ ಹತ್ತಿರ ಏನಾದ್ರೂ ಹೇಳಿದ್ದನಾ?"

"ದೇಶಪ್ರೇಮ ಇದ್ದೀತು."

ಪೂವಮ್ಮ ಅವನ ಮುಖವನ್ನೇ ನೋಡಿದಳು. "ಅವನಿಗೆ ದೇಶದ ಮ್ಯಾಪು ಬಿಡಿಸ್ಲಿಕ್ಕೇ ಬರ್ತಿರಲಿಲ್ಲ."

ಕುಶಾಲಪ್ಪ ಹೇಳಿರಲಿಲ್ಲ, ಕೇಳಿದ್ದ. ಅರವತ್ತರ ಬೇಸಿಗೆ, ಇದೇ ಕೋಣೆ, ಇದೇ ಮೇಜು. ತಡವಾಗಿ ಶಾಲೆ ಸೇರಿದ ಹುಡುಗ. ಹತ್ತನೆಯ ತರಗತಿಗೇ ಹತ್ತೊಂಬತ್ತು ತುಂಬಿ ಮೀಸೆ ಬಂದಿತ್ತು. ಮಹಾಯುದ್ಧದ ಕಾರಣಗಳನ್ನು ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆಗೆ ಮೂರೇ ಸಾಲು ಬರೆದಿದ್ದ: ಎಲ್ಲರಿಗೂ ಹೆದರಿಕೆ ಇತ್ತು. ಯಾರು ಮೊದಲು ಹೊಡೆಯುತ್ತಾರೆಂದು ಕಾಯುತ್ತಿದ್ದರು. ಕಾದು ಕಾದು ಸಾಕಾಯಿತು.

ಪುಷ್ಪರಾಜ ಅದನ್ನು ಎರಡು ಸಲ ಓದಿದ್ದ. ತಾನು ಇಷ್ಟು ವರ್ಷ ಬರೆಸಿದ್ದರಲ್ಲಿ ಇಲ್ಲದ್ದು ಆ ಮೂರು ಸಾಲಿನಲ್ಲಿತ್ತು. ಅದು ಗೊತ್ತಾದದ್ದಕ್ಕೇ ಇರಬೇಕು, ಕೆಂಪು ಪೆನ್ಸಿಲ್ ತೆಗೆದುಕೊಂಡು ಸೊನ್ನೆ ಸುತ್ತಿದ್ದ. ಹುಡುಗ ಆರು ಅಂಕಕ್ಕೆ ನಪಾಸಾದ.

"ಸಾರ್, ನಾನು ಬರೆದದ್ದು ತಪ್ಪಾ?" ಎಂದು ಕೇಳಿಕೊಂಡು ಬಂದಿದ್ದ.

"ಪಾಯಿಂಟುಗಳಿಲ್ಲ."

"ತಪ್ಪಾ ಸಾರ್?"

"ಪಾಯಿಂಟುಗಳಿಲ್ಲ ಅಂದೆನಲ್ಲ."

ಅಷ್ಟೆ. ಈಗ ಆ ಹುಡುಗನ ತಾಯಿ ಎದುರಿಗೆ ನಿಂತಿದ್ದಾಳೆ. ಹೇಳಬೇಕಾದದ್ದು ಒಂದೇ ವಾಕ್ಯ. ಪುಷ್ಪರಾಜ ಅದನ್ನು ಮನಸ್ಸಿನಲ್ಲಿ ಜೋಡಿಸಿದ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಸರಿಯಾಗಿ ಕೂತವು.

"ಪೂವಮ್ಮ" ಎಂದ.

"ಹೇಳಿ."

ಬೆಲ್ಲು ಹೊಡೆಯಿತು.

"ಕ್ಲಾಸಿದೆ. ಸಂಜೆ ಸಭೆ ಉಂಟು, ನಿಂತು ಹೋಗಿ" ಎಂದ. ತನ್ನ ಸ್ವರದಲ್ಲಿ ಇದ್ದದ್ದು ಬಿಡುಗಡೆ ಎಂದು ತಿಳಿದು ಅಸಹ್ಯವಾಯಿತು. ಬುತ್ತಿಯನ್ನು ಹಾಗೇ ಮುಚ್ಚಿಟ್ಟ.

ಸಂಜೆ ಬಯಲು ತುಂಬಿತ್ತು. ಬಸ್ ಸ್ಟ್ಯಾಂಡಿನ ಅಂಗಡಿಯವರು, ಬಸದಿ ಬೀದಿಯ ಹಿರಿಯರು, ಬಿಳಿ ಅಂಗಿಯ ಮಕ್ಕಳು. ಹೆಂಗಸರು ಮಾವಿನ ಮರದ ಕೆಳಗೆ ಒಂದು ಗುಂಪಾಗಿ ಕೂತಿದ್ದರು. ಅವರ ನಡುವೆ ಪೂವಮ್ಮ.

ಮೈಕಿನ ಮುಂದೆ ನಿಂತಾಗ ಸತ್ಯವನ್ನೇ ಹೇಳಿಬಿಡುವ ಅನ್ನಿಸಿತು. ಬಂಧುಗಳೇ, ನನಗೆ ಗೊತ್ತಿಲ್ಲ. ಗೊತ್ತಿದ್ದ ಒಬ್ಬನಿಗೆ ನಾನು ಸೊನ್ನೆ ಕೊಟ್ಟೆ.

"ಬಂಧುಗಳೇ" ಎಂದ. "ಈ ಯುದ್ಧಕ್ಕೆ ಮುಖ್ಯವಾಗಿ ಏಳು ಕಾರಣಗಳಿವೆ."

ಆಮೇಲೆ ಎಲ್ಲವೂ ತಾನಾಗಿ ಬಂತು. ಉಗ್ರ ರಾಷ್ಟ್ರೀಯತೆ, ಸೈನ್ಯದ ಪೈಪೋಟಿ, ಗುಪ್ತ ಒಪ್ಪಂದ. ಜರ್ಮನಿ ಇದ್ದ ಕಡೆ ಚೀನಾ ಇಟ್ಟರೆ ಸಾಕಾಗುತ್ತಿತ್ತು. ಬೆಳಿಗ್ಗೆ ಕೈಕೊಟ್ಟ ಐದನೆಯದೂ ಹೆಸರು ಬದಲಾಯಿಸಿಕೊಂಡು ಬಂದು ನಿಂತಿತು. ತನ್ನ ಸ್ವರ ಧ್ವನಿವರ್ಧಕದ ಮೂಲಕ ಎದುರಿನ ಗೋಡೆಗೆ ಹೋಗಿ ಬಡಿದು ವಾಪಸು ಬರುವುದನ್ನು ಅವನು ಬೇರೆ ಯಾರದೋ ಭಾಷಣದಂತೆ ಕೇಳಿಸಿಕೊಂಡ. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಸಂಕಪ್ಪನವರು ಮೈಕು ತೆಗೆದುಕೊಂಡರು. "ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ವೀರಯೋಧ ಕುಶಾಲಪ್ಪನ ಮಾತೆ ಇಲ್ಲಿದ್ದಾರೆ. ವೇದಿಕೆಗೆ ಬರಬೇಕು."

ಯಾರು ಅವರಿಗೆ ಹೇಳಿದರೋ. ಪೂವಮ್ಮನನ್ನು ಅಕ್ಕಪಕ್ಕದವರು ಎಬ್ಬಿಸಿ ಕಳಿಸಿದರು. ಅವಳು ಮೆಟ್ಟಿಲು ಹತ್ತಿ, ಅಷ್ಟು ಜನವನ್ನು ನೋಡಿ, ನೆಲ ನೋಡಿದಳು. ಮೇಜಿನ ಮೇಲಿನ ತಟ್ಟೆಯಲ್ಲಿ ಜನ ನಿಧಿಗೆ ಕೊಟ್ಟ ಎರಡು ಉಂಗುರ, ಒಂದು ಸರ, ಕೆಲವು ನೋಟುಗಳಿದ್ದವು. ಅವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಲಿಲ್ಲ. ಕೈ ಎತ್ತಿ ಬಲಕಿವಿಯ ಬೆಂಡೋಲೆಯನ್ನು ಹಿಡಿದಳು. ತಿರುಪು ಬಿಚ್ಚಿಕೊಳ್ಳಲಿಲ್ಲ. ವರ್ಷಗಟ್ಟಲೆ ತೆಗೆಯದೆ ಅದು ಮೈಗೇ ಕೂತುಬಿಟ್ಟಿತ್ತು.

"ಮಾಸ್ಟ್ರೇ" ಎಂದಳು ಮೆಲ್ಲಗೆ, "ನೀವೇ ತೆಗೀರಿ."

"ನಾನಾ? ಯಾರಾದ್ರೂ ಹೆಂಗಸರನ್ನು..."

"ನೀವೇ."

ಗೊತ್ತಿತ್ತೇ ಅವಳಿಗೆ? ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಸಂಕಪ್ಪನವರು ಕಣ್ಣಲ್ಲೇ ಅವಸರ ಮಾಡಿದರು. ಪುಷ್ಪರಾಜ ಅವಳ ಹಿಂದೆ ಹೋಗಿ ನಿಂತು ಆ ಕಿವಿಯನ್ನು ಹಿಡಿದ. ತಣ್ಣಗಿತ್ತು. ಎಳೆದು ಎಳೆದು ಉದ್ದವಾದ ತೂತು, ಒಳಗೆ ಕಪ್ಪಾದ ಚಿನ್ನ. ತನ್ನ ಬಾಯಿಗೂ ಆ ಕಿವಿಗೂ ಒಂದು ಗೇಣಿನ ಅಂತರ. ಈಗ ಪಿಸುಗುಟ್ಟಿದರೆ ಸಾಕು, ಲೋಕದಲ್ಲಿ ಇನ್ನಾರಿಗೂ ಕೇಳಿಸದು.

ಮಧ್ಯಾಹ್ನ ಜೋಡಿಸಿದ ವಾಕ್ಯ ನಾಲಿಗೆಗೆ ಬಂತು. ಬಾಯಿ ತೆರೆದ.

"ನೋಯ್ತದಾ?" ಎಂದು ಕೇಳಿದ.

"ಇಲ್ಲ. ನೀವು ತಿರುಗಿಸಿ."

ಚಪ್ಪಾಳೆ ಮತ್ತೆ ಎದ್ದಿತು. ಕಿವಿ ಕೆಂಪಾಯಿತು, ಅವಳು ಕದಲಲಿಲ್ಲ. ಬೆವರಿದ ಬೆರಳುಗಳು ಜಾರುತ್ತಿದ್ದವು. ತಿರುಪು ಸ್ವಲ್ಪ ಅಲುಗಿತು. ಸಡಿಲಾಗುತ್ತಿದೆಯೋ ಇನ್ನೂ ಬಿಗಿಯಾಗುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ಅಷ್ಟೂ ಜನ ನೋಡುತ್ತಿರುವಾಗ ನಿಲ್ಲಿಸುವುದು ಹೇಗೆಂದೂ ತಿಳಿಯಲಿಲ್ಲ. ತಿರುಗಿಸುತ್ತಲೇ ಇದ್ದ.